ಕೆಲಸದಲ್ಲಿ ಅರ್ಥ ಇದೆ, ಹೊತ್ತು ಇಲ್ಲ

ಕೆಲವು ತಿಂಗಳ ಹಿಂದೆ ನಮ್ಮ ವಾರ್ಡಿಗೆ ಒಂದು ಪ್ರಶ್ನಾವಳಿ ಬಂತು. ಕೆಲಸದ ಜಾಗದ ಆಧ್ಯಾತ್ಮ ಮತ್ತು ನರ್ಸುಗಳ ಕ್ಷೇಮ ಅನ್ನೋದು ವಿಷಯ. ಎಂ.ಎಸ್ಸಿ. ಓದುತ್ತಿದ್ದ ಹುಡುಗಿಯೊಬ್ಬಳು ತಂದಿದ್ದಳು. ಎಲ್ಲರ ಕೈಲೂ ತುಂಬಿಸಿ ಕೊಡುವ ಹೊಣೆ ನನ್ನ ಮೇಲೆ ಬಿತ್ತು. ಹೆಸರು ಬರೆಯುವ ಹಾಗಿಲ್ಲ. ತುಂಬಿದ ಹಾಳೆ ಮಡಚಿ ಕವರಿಗೆ ಹಾಕಬೇಕು. ಹಾಗಾಗಿ ಯಾರು ಏನು ಗುರುತು ಹಾಕಿದರು ಅಂತ ನಾನು ನೋಡಲಿಲ್ಲ. ಆದರೆ ನರ್ಸಿಂಗ್ ಸ್ಟೇಷನ್ನಿನಲ್ಲಿ ಗುಟ್ಟು ಉಳಿಯೋದು ಕಷ್ಟ. ಎಲ್ಲರೂ ಜೋರಾಗಿ ಮಾತಾಡಿಕೊಂಡೇ ತುಂಬಿದರು. "ನಿಮ್ಮ ಕೆಲಸದಲ್ಲಿ ಅರ್ಥ ಕಾಣುತ್ತದೆಯೇ?" ಅನ್ನೋ ಪ್ರಶ್ನೆಗೆ ಒಂದರಿಂದ ಐದರವರೆಗೆ ಅಂಕ ಕೊಡಬೇಕಿತ್ತು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ತಲೆ ಎತ್ತಿ, "ಇದಕ್ಕೆ ಐದು ಬಿಟ್ಟು ಇನ್ನೇನು ಹಾಕೋದು ಅಕ್ಕ?" ಅಂದಳು. ಉಳಿದವರೂ ಹೌದು ಅಂದರು. ಜೊತೆಗೆ ಕೆಲಸ ಮಾಡುವವರ ಮೇಲೆ ಭರವಸೆ ಇದೆಯೇ? ಅದಕ್ಕೂ ಐದು. "ಸಂಸ್ಥೆ ನಿಮ್ಮ ಮನಸ್ಸಿನ ಬಗ್ಗೆ ಕಾಳಜಿ ಮಾಡುತ್ತದೆಯೇ?" ಅನ್ನುವ ಕಡೆ ಬಂದಾಗ ಮಾತು ನಿಂತಿತು. ಆಮೇಲಿನ ಪುಟದಲ್ಲಿ ದಣಿವಿನ ಪ್ರಶ್ನೆಗಳು. ಡ್ಯೂಟಿ ಮುಗಿದಾಗ ಒಳಗೆಲ್ಲ ಬರಿದಾದ ಹಾಗೆ ಅನ್ನಿಸುತ್ತದೆಯೇ? ಬೆಳಗ್ಗೆ ಎದ್ದು ಮತ್ತೆ ಇದನ್ನೇ ಎದುರಿಸಬೇಕಲ್ಲ ಅನ್ನಿಸುತ್ತದೆಯೇ? ಮತ್ತೆ ಎಲ್ಲರ ಬಾಯಲ್ಲೂ ಐದು.

ಆವತ್ತಿನಿಂದ, ಅರ್ಥಕ್ಕೊಂದು ದಣಿವಿಗೊಂದು, ಆ ಎರಡು ಐದುಗಳು ನನ್ನ ತಲೆಯಲ್ಲಿ ಕೂತಿವೆ. ದಣಿದವರಿಗೆ ಕೆಲಸದಲ್ಲಿ ಅರ್ಥ ಕಾಣುತ್ತಿಲ್ಲ, ಅದನ್ನು ತೋರಿಸಿಕೊಟ್ಟರೆ ದಣಿವು ಇಳಿಯುತ್ತದೆ ಅನ್ನೋದು ಸಾಮಾನ್ಯ ನಂಬಿಕೆ. ಅದಕ್ಕೇ ಅಲ್ವಾ ಆಸ್ಪತ್ರೆಗಳಲ್ಲಿ ಧ್ಯಾನದ ತರಗತಿ, ಪ್ರೇರಣೆಯ ಭಾಷಣ ಎಲ್ಲ ನಡೆಯೋದು. ನಮ್ಮಲ್ಲೂ ನಡೆದಿವೆ. ಬಂದವರಲ್ಲಿ ಬಹಳ ಒಳ್ಳೆಯವರಿದ್ದರು, ಅವರು ಕಲಿಸಿದ ಉಸಿರಾಟವನ್ನು ನಾನು ಇವತ್ತಿಗೂ ಮಾಡುತ್ತೇನೆ. ಆದರೆ ನನ್ನ ಜೊತೆ ಕೂತು ಫಾರಂ ತುಂಬಿದವರಿಗೆ ಅರ್ಥದ ಕೊರತೆ ಇರಲಿಲ್ಲ. ಅರ್ಥ ತುಂಬಿ ತುಳುಕುತ್ತಿತ್ತು. ಅವರು ದಣಿದದ್ದು ಬೇರೆ ಯಾವುದರಿಂದಲೋ. ಅದು ಯಾವುದು ಅಂತ ಹುಡುಕಿಕೊಂಡು ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಂಥ ಪ್ರಶ್ನಾವಳಿಗಳ ಹಿಂದೆ ಸುಮಾರು ಕಾಲು ಶತಮಾನದ ಓದು ಇದೆ. 2000ದಲ್ಲಿ ಡಾಂಡೆ ಆಶ್ಮೋಸ್ ಮತ್ತು ಡೆನ್ನಿಸ್ ಡುಶಾನ್ ಅನ್ನುವ ಇಬ್ಬರು ಸಂಶೋಧಕರು, ಕೆಲಸದ ಜಾಗದ ಆಧ್ಯಾತ್ಮವನ್ನು ಅಳೆಯೋದು ಹೇಗೆ ಅಂತ ಯೋಚಿಸಿದರು. ಅವರ ಲೆಕ್ಕದಲ್ಲಿ ಅದಕ್ಕೂ ಯಾವುದೇ ಮತಕ್ಕೂ ಸಂಬಂಧ ಇಲ್ಲ. ಮನುಷ್ಯನಿಗೆ ಒಳಗೊಂದು ಬದುಕಿದೆ, ಅರ್ಥ ಇರುವ ಕೆಲಸದಿಂದ ಅದು ಬೆಳೆಯುತ್ತದೆ, ನಾಲ್ಕು ಜನರ ಜೊತೆಯಲ್ಲಿ ಬೆಳೆಯುತ್ತದೆ, ಅಷ್ಟೆ. 2003ರಲ್ಲಿ ಜಾನ್ ಮಿಲಿಮನ್ ಮತ್ತು ಜೊತೆಗಾರರು ಇದನ್ನು ಮೂರು ಎಳೆಯಾಗಿ ನೋಡಿದರು. ಕೆಲಸದಲ್ಲಿ ಅರ್ಥ, ಜೊತೆಯವರ ನಂಟು, ಸಂಸ್ಥೆಯ ನಡೆಗೂ ನನ್ನ ಮನಸ್ಸಿಗೂ ಹೊಂದಿಕೆ. ನಮ್ಮ ಸ್ಟೇಷನ್ನಿನಲ್ಲಿ ಮಾತು ನಿಂತದ್ದು ಸರಿಯಾಗಿ ಈ ಮೂರನೇ ಎಳೆಯ ಹತ್ತಿರ. ಮೊದಲ ಎರಡನ್ನು ನರ್ಸುಗಳು ತಾವೇ ತರುತ್ತಾರೆ. ಮೂರನೆಯದನ್ನು ಅವರು ಒಬ್ಬರೇ ತರೋಕಾಗಲ್ಲ.

ಅಂಟು ಬಿಡಿಸುವ ಕೈ

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಒಬ್ಬ ಹಿರಿಯ ಸಿಸ್ಟರ್ ಇದ್ದರು. ಮಾತು ಕಮ್ಮಿ. ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ, ಸುಮ್ನೆ ಪಕ್ಕಕ್ಕೆ ಬಂದು ತಾವೇ ಮಾಡಿ ತೋರಿಸುತ್ತಿದ್ದರು. ಶ್ವಾಸಕೋಶದ ಕಾಯಿಲೆಯ ಒಬ್ಬ ಅಜ್ಜ ನಮ್ಮ ವಾರ್ಡಿನಲ್ಲಿ ಬಹಳ ದಿನದಿಂದ ಇದ್ದರು. ಒಂದು ಸಂಜೆ ಅವರು ತೀರಿಕೊಂಡರು. ಮಗ ದೂರದಿಂದ ಹೊರಟಿದ್ದಾನೆ, ಇನ್ನೂ ತಲುಪಿಲ್ಲ. ಸಿಸ್ಟರ್ ನನ್ನನ್ನು ಕರೆದು, ಬೆಚ್ಚಗಿನ ನೀರು ತಾ ಅಂದರು. ಕರ್ಟನ್ ಎಳೆದರು. ಮೂಗಿನ ಕೊಳವೆ ತೆಗೆದರು, ಯೂರಿನ್ ಬ್ಯಾಗ್ ಬಿಚ್ಚಿದರು, ಕೈಯಿಂದ ಡ್ರಿಪ್ಪಿನ ಕ್ಯಾನುಲಾ ತೆಗೆದು ಹತ್ತಿ ಒತ್ತಿ ಹಿಡಿದರು. ಅಜ್ಜನ ಮುಂಗೈ ಮೇಲೆ ಪ್ಲಾಸ್ಟರಿನ ಅಂಟು ಪದರ ಪದರವಾಗಿ ಕಪ್ಪಗೆ ಕೂತಿತ್ತು. ಸಿಸ್ಟರ್ ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ, ಚರ್ಮಕ್ಕೆ ನೋವಾಗದ ಹಾಗೆ, ಅಂಚಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿದರು. ಸತ್ತವರಿಗೆ ನೋವಾಗಲ್ಲ ಅಂತ ಅವರಿಗೆ ಗೊತ್ತಿತ್ತು. ಆದರೂ ಅವರ ಬೆರಳಿನ ಒತ್ತಡ ಒಂದಿಷ್ಟೂ ಬದಲಾಗಲಿಲ್ಲ. ಹಿಂದಿನ ದಿನ ಅಜ್ಜ ಬದುಕಿದ್ದಾಗ ಹೇಗೆ ಬಿಡಿಸಿದ್ದರೋ ಹಾಗೇ. ಮತ್ತೆ ಮಾತಾಡುತ್ತಿದ್ದರು. "ಅಜ್ಜ, ಈಗ ಎಡಗೈ ಎತ್ತುತ್ತೀನಿ. ಈಗ ಸ್ವಲ್ಪ ಮಗ್ಗುಲಾಗಿ, ಬೆನ್ನು ಒರೆಸ್ತೀನಿ." ನನ್ನ ಗಂಟಲು ಕಟ್ಟಿತ್ತು, ಆದರೆ ಕೈ ಅವರ ಜೊತೆ ತಾನಾಗೇ ನಡೆಯಿತು.

ಅಷ್ಟರಲ್ಲಿ ಫೋನ್ ಬಂತು. ಅಡ್ಮಿಷನ್‌ನಿಂದ. ಬೆಡ್ ಖಾಲಿ ಆಯ್ತಾ ಅಂತ. ಸಿಸ್ಟರ್ ಕೈ ತೊಳೆದು ಹೋಗಿ ಫೋನ್ ತೆಗೆದುಕೊಂಡರು. "ಇನ್ನೂ ಹತ್ತು ನಿಮಿಷ ಆಗುತ್ತೆ" ಅಂದರು. ಆ ಕಡೆಯಿಂದ ಏನೋ ಹೇಳಿದರು. ಇವರು ದನಿ ಏರಿಸಲಿಲ್ಲ, ಕಾರಣವನ್ನೂ ಕೊಡಲಿಲ್ಲ. "ಹತ್ತು ನಿಮಿಷ" ಅಂತ ಮತ್ತೊಮ್ಮೆ ಹೇಳಿ ಇಟ್ಟರು. ಬಂದು ಅಜ್ಜನ ತಲೆ ಬಾಚಿದರು. ಮಗ ಬಂದಾಗ ಅಪ್ಪ ತೊಳೆದ ಹೊದಿಕೆಯ ಕೆಳಗೆ, ಕಣ್ಣು ಮುಚ್ಚಿ, ಕೂದಲು ಬಾಚಿಕೊಂಡು ಮಲಗಿದ್ದರು. ಆತ ಕೇಳಿದ್ದು ಒಂದೇ ಪ್ರಶ್ನೆ. "ಕೊನೆಗೆ ಜೊತೆಗೆ ಯಾರಾದ್ರೂ ಇದ್ರಾ?" ಸಿಸ್ಟರ್ ಅವನ ಕಣ್ಣು ನೋಡಿ, "ನಾವಿದ್ವಿ. ನಾನು ಕೈ ಹಿಡ್ಕೊಂಡಿದ್ದೆ" ಅಂದರು. ಅದು ನಿಜವಾಗಿತ್ತು.

ಆವತ್ತು ನಾನು ಮನೆಗೆ ಹೋದಾಗ ಕಾಲು ಸೋತಿದ್ದವು. ಆದರೆ ಒಳಗೆ ಬರಿದಾಗಿರಲಿಲ್ಲ. ದುಃಖ ಇತ್ತು, ಅದರ ಜೊತೆ ಒಂದು ನೆಮ್ಮದಿಯೂ ಇತ್ತು. ಕೆಲಸದ ಆಧ್ಯಾತ್ಮ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಸಂಜೆಯನ್ನೇ ಹೇಳುತ್ತೇನೆ. ಅದನ್ನು ಯಾರೂ ಹೊರಗಿನಿಂದ ತಂದು ನಮಗೆ ಕೊಡಲಿಲ್ಲ. ಬೆಚ್ಚಗಿನ ನೀರಿನ ಬೇಸಿನ್ನಿನಲ್ಲಿ, ಹತ್ತಿಯಲ್ಲಿ, ಆ ಮೆಲ್ಲನೆಯ ಬೆರಳಿನಲ್ಲಿ ಅದು ಮೊದಲೇ ಇತ್ತು. ಅದು ಉಳಿದದ್ದು ಫೋನಿನಲ್ಲಿ ಹೇಳಿದ ಹತ್ತು ನಿಮಿಷದಿಂದ.

ಎಷ್ಟೋ ವರ್ಷದ ಮೇಲೆ, ಬೇರೆ ಕಡೆ, ಬೇರೆ ವಾರ್ಡಿನಲ್ಲಿ, ಒಬ್ಬ ಹೆಂಗಸು ತೀರಿಕೊಂಡರು. ಆವತ್ತು ಇಬ್ಬರು ಮಾಡಬೇಕಾದ ಕೆಲಸಕ್ಕೆ ಒಬ್ಬಳೇ ಇದ್ದೆ. ಹೊಸ ರೋಗಿ ಕಾರಿಡಾರಿನಲ್ಲಿ ಸ್ಟ್ರೆಚರ್ ಮೇಲೆ ಕಾಯುತ್ತಿದ್ದರು, ಅವರ ರಕ್ತದ ಆಮ್ಲಜನಕದ ಮಟ್ಟ (ಸ್ಯಾಚುರೇಷನ್) ಇಳಿಯುತ್ತಿತ್ತು. ಅವರನ್ನು ಕಾಯಿಸುವುದು ತಪ್ಪಾಗುತ್ತಿತ್ತು. ಕೊಳವೆ ತೆಗೆದು, ಟ್ಯಾಗ್ ಕಟ್ಟಿ, ಬಟ್ಟೆ ಸುತ್ತಿ, ಬೆಡ್ ಒರೆಸಿ, ಹೊಸ ಹಾಸಿಗೆ ಬಟ್ಟೆ ಹಾಕಿ ಅವರನ್ನು ಮಲಗಿಸಿದೆ. ಎಲ್ಲ ನಿಯಮದ ಪ್ರಕಾರವೇ ನಡೆಯಿತು. ಆ ಹೆಂಗಸಿನ ಮುಖ ಇವತ್ತು ನನಗೆ ನೆನಪಿಲ್ಲ. ಬೆಡ್ ನಂಬರ್ ನೆನಪಿದೆ. ಆ ರಾತ್ರಿಯ ದಣಿವು ನಿದ್ದೆ ಮಾಡಿದರೂ ಹೋಗಲಿಲ್ಲ.

ಹತ್ತನೇ ಬೆಡ್ಡಿನ ಲಿವರ್

ಮುಖ ಮರೆತು ನಂಬರ್ ಉಳಿಯುವುದು ನನ್ನೊಬ್ಬಳ ಅನುಭವ ಅಲ್ಲ. 1960ರಲ್ಲಿ ಇಸಬೆಲ್ ಮೆನ್ಸಿಸ್ ಅನ್ನುವ ಮನೋವಿಶ್ಲೇಷಕಿ ಲಂಡನ್ನಿನ ಒಂದು ದೊಡ್ಡ ಬೋಧನಾ ಆಸ್ಪತ್ರೆಯ ನರ್ಸುಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿ ರೋಗಿಗಳನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ, "ಹತ್ತನೇ ಬೆಡ್ಡಿನ ಲಿವರ್" ಅನ್ನುವ ಹಾಗೆ ಕರೆಯುತ್ತಿದ್ದರು. ಓದಿದಾಗ ಬೆಚ್ಚಿಬಿದ್ದೆ. ಪಾಳಿ ಬದಲಾಗುವಾಗ ರೋಗಿಗಳನ್ನು ಒಪ್ಪಿಸಿಕೊಡುವ ನಮ್ಮ ಹ್ಯಾಂಡೋವರ್‌ನಲ್ಲೂ ಇದೇ ಮಾತು ಇರುತ್ತದಲ್ಲ! ಮೆನ್ಸಿಸ್ ನರ್ಸುಗಳನ್ನು ದೂರಲಿಲ್ಲ. ಅವರು ಕಂಡದ್ದು ಏನೆಂದರೆ, ನೋವು, ಸಾವು, ಹೇಸಿಗೆ, ಭಯ ಇವುಗಳನ್ನು ದಿನವೂ ಮುಟ್ಟುವ ಕೆಲಸದಲ್ಲಿ ವಿಪರೀತ ತಳಮಳ ಹುಟ್ಟುತ್ತದೆ. ಅದನ್ನು ತಡೆಯೋಕೆ ಇಡೀ ಆಸ್ಪತ್ರೆಯೇ ಒಂದು ವ್ಯವಸ್ಥೆ ಕಟ್ಟಿಕೊಂಡಿತ್ತು. ಒಬ್ಬ ರೋಗಿಯ ಎಲ್ಲ ಕೆಲಸವನ್ನು ಒಬ್ಬಳೇ ನರ್ಸ್ ಮಾಡುವ ಹಾಗಿಲ್ಲ. ಕೆಲಸವನ್ನು ಚೂರು ಚೂರು ಮಾಡಿ ಹಂಚಬೇಕು. ಒಬ್ಬಳು ಎಲ್ಲರ ಟೆಂಪರೇಚರ್ ನೋಡುತ್ತಾಳೆ, ಇನ್ನೊಬ್ಬಳು ಎಲ್ಲರ ಬೆಡ್‌ಪ್ಯಾನ್ ನೋಡುತ್ತಾಳೆ. ಕಲಿಯುವವರನ್ನು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಆಗಾಗ ಎತ್ತಿ ಹಾಕಬೇಕು. ಯಾರಿಗೂ ಯಾರ ಮೇಲೂ ಮನಸ್ಸು ಅಂಟಬಾರದು.

ಅಂಟದಿದ್ದರೆ ನೋಯಲ್ಲ ಅನ್ನೋದು ಲೆಕ್ಕ. ಆದರೆ ಆದದ್ದು ತಿರುಗುಮುರುಗು. ರೋಗಿಯ ಹತ್ತಿರ ಇರುವುದರಿಂದ ಬರುವ ಸಂತೋಷವೂ ಹೋಯಿತು, ತಳಮಳವೂ ತಗ್ಗಲಿಲ್ಲ. ಕಲಿಯಲು ಬಂದವರಲ್ಲಿ ಸುಮಾರು ಮೂರನೇ ಒಂದು ಪಾಲು ಜನ ತರಬೇತಿ ಮುಗಿಸುತ್ತಲೇ ಇರಲಿಲ್ಲ, ಅದರಲ್ಲಿ ಹೆಚ್ಚಿನವರು ತಾವಾಗಿಯೇ ಬಿಟ್ಟವರು. ನನಗೆ ಈ ಅಧ್ಯಯನ ಇವತ್ತಿಗೂ ಹಳೆಯದು ಅನ್ನಿಸುವುದಿಲ್ಲ. ಈಗ ಆ ದೂರವನ್ನು ಕಂಪ್ಯೂಟರ್ ಪರದೆ ಕಾಯುತ್ತದೆ, ಚೆಕ್‌ಲಿಸ್ಟ್ ಕಾಯುತ್ತದೆ. ಬಿಪಿ ನೋಡಿ ಬರೆಯಲು ಪರದೆಯಲ್ಲಿ ಜಾಗ ಇದೆ. ಬಿಪಿ ನೋಡುವಾಗ ಅಮ್ಮ ಅತ್ತದ್ದನ್ನು, ಪಕ್ಕದಲ್ಲಿ ಕೂತದ್ದನ್ನು ಬರೆಯಲು ಜಾಗ ಇಲ್ಲ. ಬರೆಯದ್ದು ಆಗಿಲ್ಲ ಅನ್ನೋದು ನಮ್ಮ ಕೆಲಸದ ಮೊದಲ ಪಾಠ. ಹೀಗಾಗಿ ನರ್ಸ್‌ನ ಜೀವ ಹಿಡಿದಿಡುವ ಕೆಲಸ ಎಲ್ಲೂ ಲೆಕ್ಕಕ್ಕೆ ಬರದೆ ಹೋಗುತ್ತದೆ. ಲೆಕ್ಕಕ್ಕೆ ಬರದ್ದಕ್ಕೆ ಯಾರೂ ಹೊತ್ತು ಇಡುವುದಿಲ್ಲ. ಡ್ಯೂಟಿ ಲಿಸ್ಟ್ ಹಾಕುವವರು ಕೆಟ್ಟವರೇನಲ್ಲ. ಅವರ ಮುಂದೆ ಇರುವ ಹಾಳೆಯಲ್ಲಿ ಅದು ಕಾಣುವುದೇ ಇಲ್ಲ.

ಕರೆ ಇದ್ದವರ ಮೇಲೆ ಹೊರೆ

ನಮ್ಮ ವೃತ್ತಿಯಲ್ಲಿ ಒಂದು ಮಾತು ಬಹಳ ಓಡಾಡುತ್ತದೆ. ಇದು ಬರೀ ಕೆಲಸ ಅಲ್ಲ, ಸೇವೆ. ನಾನು ಇದನ್ನು ನಂಬುತ್ತೇನೆ, ಮನಸಾರೆ ನಂಬುತ್ತೇನೆ. ಆದರೆ ಈ ಮಾತು ಯಾವಾಗ ಕಿವಿಗೆ ಬೀಳುತ್ತದೆ ಅಂತ ಗಮನಿಸಿದ್ದೇನೆ. ಡಬಲ್ ಡ್ಯೂಟಿ ಮಾಡಿ ಅನ್ನುವಾಗ ಬೀಳುತ್ತದೆ. ರಜೆ ಕೇಳಿದಾಗ, ಸಂಬಳದ ಮಾತು ಎತ್ತಿದಾಗ ಬೀಳುತ್ತದೆ. ರೋಗಿಗಳ ಮುಖ ನೋಡಿ ಇವತ್ತೊಂದು ದಿನ ಹೊಂದಿಸಿಕೊಳ್ಳಿ ಅಂದರೆ, ನಿಜವಾಗಿ ರೋಗಿಗಳ ಮುಖ ನೋಡುವ ನರ್ಸ್‌ಗೆ ಇಲ್ಲ ಅನ್ನೋಕೆ ಬಾಯಿ ಬರುವುದಿಲ್ಲ. ಯಾರಿಗೆ ಕೆಲಸದ ಮೇಲೆ ಜಾಸ್ತಿ ಪ್ರೀತಿ ಇದೆಯೋ ಅವರ ಮೇಲೇ ಜಾಸ್ತಿ ಹೊರೆ ಬೀಳುತ್ತದೆ. ಎರಡು ಐದುಗಳು ಒಂದೇ ಹಾಳೆಯಲ್ಲಿ ಕೂತದ್ದಕ್ಕೆ ಇದೇ ಕಾರಣ ಅಂತ ನನಗೆ ಈಗ ಅನ್ನಿಸುತ್ತದೆ.

ಇದಕ್ಕೆ ಪುಷ್ಟಿ ಸಿಕ್ಕಿದ್ದು ಆಸ್ಪತ್ರೆಯ ಹೊರಗಿನ ಒಂದು ಅಧ್ಯಯನದಲ್ಲಿ. ಸ್ಟುವರ್ಟ್ ಬಂಡರ್ಸನ್ ಮತ್ತು ಜೆಫ್ರಿ ಥಾಂಪ್ಸನ್ 2009ರಲ್ಲಿ ಮೃಗಾಲಯದಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವವರ ಬಗ್ಗೆ ಬರೆದರು. ಈ ಕೆಲಸಕ್ಕೇ ತಾನು ಹುಟ್ಟಿದ್ದು, ಇದೇ ತನಗೆ ಬಂದ ಕರೆ ಅಂದುಕೊಂಡವರಿಗೆ ಕೆಲಸದಲ್ಲಿ ದೊಡ್ಡ ಅರ್ಥ ಸಿಗುತ್ತಿತ್ತು. ಅವರೇ ಹಣ, ಸಮಯ, ಮೈಯ ಸುಖ ಎಲ್ಲವನ್ನೂ ಬಿಟ್ಟುಕೊಡಲು ತಯಾರಿದ್ದರು. ಸಂಸ್ಥೆ ತನ್ನ ಹೊಣೆ ಸರಿಯಾಗಿ ಹೊರಬೇಕು ಅಂತಲೂ ಅವರೇ ಹೆಚ್ಚು ಕಟ್ಟುನಿಟ್ಟಾಗಿ ಬಯಸುತ್ತಿದ್ದರು. ಅದು ಹೊರದಿದ್ದರೆ ಅವರಿಗೇ ಹೆಚ್ಚು ನೋವು. ಎರಡು ಅಲಗಿನ ಕತ್ತಿ ಅಂತ ಆ ಲೇಖಕರೇ ಇದನ್ನು ಕರೆದಿದ್ದಾರೆ. ಪ್ರಾಣಿಗಳ ಜಾಗದಲ್ಲಿ ರೋಗಿಗಳನ್ನು ಇಟ್ಟು ಓದಿ, ನಮ್ಮ ವಾರ್ಡೇ ಕಣ್ಣ ಮುಂದೆ ಬರುತ್ತದೆ.

ಕರೆ ಅಂದ ಕೂಡಲೇ ಎಲ್ಲರೂ ಫ್ಲಾರೆನ್ಸ್ ನೈಟಿಂಗೇಲ್ ಹೆಸರು ತೆಗೆಯುತ್ತಾರೆ. ದೀಪ ಹಿಡಿದ ಚಿತ್ರ ಇಡೀ ಲೋಕಕ್ಕೆ ಗೊತ್ತು. 1837ರಲ್ಲಿ, ಇನ್ನೂ ಹದಿನಾರರ ಹುಡುಗಿಯಾಗಿದ್ದಾಗ, ದೇವರು ತನ್ನನ್ನು ಸೇವೆಗೆ ಕರೆದ ಅಂತ ಆಕೆ ಬರೆದುಕೊಂಡದ್ದೂ ನಿಜ. ಆದರೆ ನನಗೆ ಹೆಚ್ಚು ಹತ್ತಿರವಾದದ್ದು 1853ರ ನೈಟಿಂಗೇಲ್. ಆಗ ಆಕೆ ಲಂಡನ್ನಿನ ಹಾರ್ಲೆ ಸ್ಟ್ರೀಟಿನ ಒಂದು ಚಿಕ್ಕ ಆಸ್ಪತ್ರೆಯ ಉಸ್ತುವಾರಿ ವಹಿಸಿಕೊಂಡಿದ್ದರು. ಅಲ್ಲಿ ಆಕೆ ಕೇಳಿದ್ದು ಏನು ಗೊತ್ತಾ? ಪ್ರತಿ ಮಹಡಿಗೂ ಪೈಪಿನಲ್ಲಿ ಬಿಸಿನೀರು ಬರಬೇಕು. ರೋಗಿಗಳ ಊಟ ಮೇಲೆ ಬರಲು ಒಂದು ಲಿಫ್ಟ್ ಬೇಕು. ರೋಗಿ ಗಂಟೆ ಬಾರಿಸಿದರೆ ಯಾರ ಗಂಟೆ ಅಂತ ನರ್ಸ್‌ಗೆ ನೋಡಿದ ಕೂಡಲೇ ತಿಳಿಯುವ ಹಾಗೆ ಒಂದು ಮುಚ್ಚಳ ತೆರೆದುಕೊಂಡು ಹಾಗೇ ನಿಲ್ಲಬೇಕು. ಇಂಥ ಏರ್ಪಾಡು ಇಲ್ಲದಿದ್ದರೆ ನರ್ಸ್ ಬರೀ ಒಂದು ಜೊತೆ ಕಾಲುಗಳಾಗಿಬಿಡುತ್ತಾಳೆ ಅಂತ ಬರೆದರು. ಈ ಮಾತು ಓದಿ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ದೇವರ ಕರೆ ಕೇಳಿದ ಹೆಂಗಸು ಕೆಲಸಕ್ಕೆ ಬಂದ ಮೇಲೆ ಮೊದಲು ಕೇಳಿದ್ದು ಪೈಪು ಮತ್ತು ಗಂಟೆ. ಕರೆ ಎಷ್ಟು ದೊಡ್ಡದಾದರೂ ಮೆಟ್ಟಿಲು ಹತ್ತಿ ಇಳಿದು ಸೋತ ಕಾಲಿನಿಂದ ರೋಗಿಯ ಪಕ್ಕ ಕೂರಲು ಆಗಲ್ಲ ಅಂತ ಆಕೆಗೆ ಚೆನ್ನಾಗಿ ಗೊತ್ತಿತ್ತು. ನರ್ಸುಗಳ ದಿನ ಮೇ 12ಕ್ಕೆ ದೀಪ ಹಚ್ಚುವಾಗ ಈ ಪೈಪಿನ ಕತೆಯನ್ನೂ ಹೇಳಬೇಕು ಅಂತ ನನ್ನ ಆಸೆ.

ಯಾರ ಪ್ರಾರ್ಥನೆ?

ಆಧ್ಯಾತ್ಮ ಅಂದಾಗ ಇನ್ನೊಂದು ಅಳುಕು ಎಲ್ಲರಿಗೂ ಇದ್ದೇ ಇರುತ್ತದೆ. ವಾರ್ಡಿನಲ್ಲಿ ಬೇರೆ ಬೇರೆ ನಂಬಿಕೆಯವರು ಇರುತ್ತಾರೆ. ಯಾವ ನಂಬಿಕೆಯೂ ಇಲ್ಲದವರೂ ಇರುತ್ತಾರೆ, ಅವರಲ್ಲಿ ಕೆಲವರು ನಾನು ಕಂಡ ಅತ್ಯಂತ ಮೃದು ಕೈಯ ನರ್ಸುಗಳು. ಡ್ಯೂಟಿ ಶುರುವಾಗುವ ಮುಂಚೆ ಎಲ್ಲರೂ ಸೇರಿ ಒಂದು ಪ್ರಾರ್ಥನೆ ಹೇಳಬೇಕು ಅಂತ ಯಾರಾದರೂ ಆಜ್ಞೆ ಮಾಡಿದರೆ ಅರ್ಧ ಜನ ಬಾಯಿ ಮಾತ್ರ ಆಡಿಸುತ್ತಾರೆ. ಒಳಗಿನದನ್ನು ಆಜ್ಞೆ ಮಾಡಿ ತರಿಸೋಕಾಗಲ್ಲ. ಹಾಗಂತ ಅದನ್ನು ಬಾಗಿಲ ಹೊರಗೆ ಬಿಟ್ಟು ಬನ್ನಿ ಅನ್ನೋದೂ ತಪ್ಪೇ. ಸಾವಿನ ಪಕ್ಕ ನಿಂತವರಿಗೆ ಪ್ರಶ್ನೆಗಳು ಏಳುತ್ತವೆ, ಅವನ್ನು ಯೂನಿಫಾರಂ ಜೊತೆ ಲಾಕರಿನಲ್ಲಿ ಇಟ್ಟು ಹೋಗುವ ಹಾಗಿಲ್ಲ.

ಹಾರ್ಲೆ ಸ್ಟ್ರೀಟಿನಲ್ಲೂ ಈ ತಕರಾರು ಬಂದಿತ್ತು. ಸಮಿತಿಯವರಿಗೆ ತಮ್ಮ ಚರ್ಚಿನ ರೋಗಿಗಳು ಮಾತ್ರ ಸಾಕಿತ್ತು. ನೈಟಿಂಗೇಲ್ ಒಪ್ಪಲಿಲ್ಲ. ಎಲ್ಲ ಮತದವರಿಗೂ ಬಾಗಿಲು ತೆರೆದಿರಬೇಕು, ಅವರವರ ಗುರುಗಳು ಬಂದು ನೋಡಲು ಬಿಡಬೇಕು, ಇಲ್ಲದಿದ್ದರೆ ನಾನು ಬರಲ್ಲ ಅಂತ ಹಟ ಹಿಡಿದರು. ಕೊನೆಗೆ ಸಮಿತಿ ಒಂದು ಷರತ್ತು ಹಾಕಿ ಒಪ್ಪಿತು. ಬೇರೆ ಮತದ ಗುರು ಬಂದರೆ ಆಕೆಯೇ ಬಾಗಿಲಲ್ಲಿ ಎದುರುಗೊಂಡು, ಮೇಲೆ ಕರೆದುಕೊಂಡು ಹೋಗಿ, ಮಾತು ಮುಗಿಯುವವರೆಗೆ ಅಲ್ಲೇ ಇದ್ದು, ಮತ್ತೆ ಕೆಳಗೆ ಬಿಟ್ಟು ಬರಬೇಕು. ಅಷ್ಟು ಓಡಾಟವನ್ನು ಆಕೆ ಒಪ್ಪಿಕೊಂಡರು.

ಈ ಕಾಲದಲ್ಲಿ ನನಗೆ ಹಿಡಿಸಿದ ಉತ್ತರ ಒಬ್ಬ ನರ್ಸ್ ಕೊಟ್ಟದ್ದು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ಜೊನಾಥನ್ ಬಾರ್ಟೆಲ್ಸ್ ಎಮರ್ಜೆನ್ಸಿಯಲ್ಲಿ ಕೆಲಸ ಮಾಡುತ್ತಿದ್ದರು. ಎಷ್ಟೇ ಹೋರಾಡಿದರೂ ರೋಗಿ ಉಳಿಯದಿದ್ದಾಗ ಎಲ್ಲರೂ ಗ್ಲೌಸ್ ಕಿತ್ತು ಎಸೆದು ಮುಂದಿನ ಕೇಸಿಗೆ ಹೊರಡುವುದು ರೂಢಿ. ಅವರು ಒಂದು ಸಲ ಎಲ್ಲರನ್ನೂ ನಿಲ್ಲಿಸಿದರು. ಈಗ ಹೋದವರು ಯಾರಿಗೋ ಬೇಕಾದವರು, ಅವರಿಗೂ ಅವರನ್ನು ಉಳಿಸಲು ನಾವು ಪಟ್ಟ ಪಾಡಿಗೂ ಗೌರವ ಕೊಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲೋಣ ಅನ್ನುವ ಅರ್ಥದ ಮಾತು ಹೇಳಿದರು. ಒಂದು ನಿಮಿಷದ ಒಳಗೇ ಮುಗಿಯುವ ಮೌನ. ಯಾರ ಪ್ರಾರ್ಥನೆಯೂ ಇಲ್ಲ. ನಂಬುವವರು ಒಳಗೇ ಬೇಡಿಕೊಳ್ಳಬಹುದು, ನಂಬದವರು ಆ ಮುಖ ನೋಡಬಹುದು. ಈ ರೂಢಿ ಅಲ್ಲಿಂದ ಬೇರೆ ಬೇರೆ ಆಸ್ಪತ್ರೆಗಳಿಗೆ, ದೇಶಗಳಿಗೆ ಹರಡಿತು. ಅದು ಮೇಲಿನಿಂದ ಬಂದ ಕಾರ್ಯಕ್ರಮ ಆಗಿರಲಿಲ್ಲ. ಕೆಲಸದ ನಡುವೆ, ಕೆಲಸದವರಿಂದಲೇ ಹುಟ್ಟಿತು. ಅದಕ್ಕೇ ನಿಂತಿತು ಅಂತ ನನ್ನ ನಂಬಿಕೆ.

ಒಬ್ಬ ರೋಗಿ ಜಾಸ್ತಿ ಆದರೆ

ಇಷ್ಟೆಲ್ಲ ಹೇಳಿದ ಮೇಲೂ ಲೆಕ್ಕದ ಮಾತು ಆಡದೆ ಬಿಡುವ ಹಾಗಿಲ್ಲ. ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಮತ್ತು ಜೊತೆಗಾರರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿ 2002ರಲ್ಲಿ ಒಂದು ವರದಿ ಪ್ರಕಟಿಸಿದರು. ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಾದ ಹಾಗೆಲ್ಲ, ಆಪರೇಷನ್ ಆದ ರೋಗಿಗಳು 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಹೆಚ್ಚಿತ್ತು. ಆ ನರ್ಸ್ ಕೆಲಸದ ದಣಿವಿನಲ್ಲಿ ಒಳಗೇ ಸುಟ್ಟುಹೋಗುವ (ಬರ್ನ್ಔಟ್) ಸಂಭವ ಶೇ. 23ರಷ್ಟು ಹೆಚ್ಚಿತ್ತು. ಒಬ್ಬರೇ ಒಬ್ಬರು ಜಾಸ್ತಿ. ಡ್ಯೂಟಿ ಲಿಸ್ಟಿನಲ್ಲಿ ಅದು ಕಣ್ಣಿಗೂ ಬೀಳಲ್ಲ. "ಇನ್ನೊಂದು ಬೆಡ್ ನೋಡ್ಕೊಳಿ ಸಿಸ್ಟರ್" ಅಂತ ಹೇಳಿ ಮುಗಿಸುವಷ್ಟು ಸಣ್ಣದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಪಟ್ಟಿಯಲ್ಲಿ ಈ ಸುಟ್ಟುಹೋಗುವಿಕೆಯನ್ನು ಕಾಯಿಲೆ ಅಂತ ಕರೆದಿಲ್ಲ. ಸರಿಯಾಗಿ ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದಿಂದ ಆಗುವಂಥದ್ದು, ಕೆಲಸಕ್ಕೆ ಸಂಬಂಧಿಸಿದ್ದು ಅಂತ ಹೇಳಿದೆ. ಅಂದರೆ ಅದರ ಮದ್ದು ನರ್ಸ್‌ನ ಮನಸ್ಸಿನೊಳಗೆ ಮಾತ್ರ ಇಲ್ಲ. ಕೆಲಸವನ್ನು ಹಂಚುವ ಕಡೆಯೂ ಇದೆ.

ಹೊತ್ತು ಸಾಲದಾಗ ಮೊದಲು ಹೋಗುವುದು ಯಾವುದು ಅಂತ ಯಾವ ನರ್ಸನ್ನು ಕೇಳಿದರೂ ಹೇಳುತ್ತಾರೆ. ಇಂಜೆಕ್ಷನ್ ಬಿಡಲ್ಲ. ಡ್ರಿಪ್ ಬಿಡಲ್ಲ. ಬಿಡುವುದು ಮಾತು. ಬಿಡುವುದು ಬಾಯಿ ಒಣಗಿದವರಿಗೆ ತುಟಿ ಒದ್ದೆ ಮಾಡುವುದು, ಮಗ್ಗುಲು ಬದಲಿಸುವಾಗ ಬೆನ್ನ ಮೇಲೆ ಒಂದು ಗಳಿಗೆ ಕೈ ಇಡುವುದು. ನಮಗೆ ಅರ್ಥ ಕೊಡುವುದು ಯಾವುದೋ ಅದೇ ಮೊದಲು ಕೈಬಿಡುತ್ತದೆ. ಸರಿ ಯಾವುದು ಅಂತ ಗೊತ್ತಿದ್ದೂ ಸಂಸ್ಥೆಯ ಕಟ್ಟುಪಾಡಿನಿಂದ ಅದನ್ನು ಮಾಡಲಾಗದ ಸಂಕಟಕ್ಕೆ ತತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್ಟನ್ 1984ರಲ್ಲಿ ನೈತಿಕ ಸಂಕಟ ಅನ್ನುವ ಹೆಸರು ಕೊಟ್ಟರು. ಅವರು ಬರೆದದ್ದು ನರ್ಸುಗಳ ಬಗ್ಗೆಯೇ. ದಣಿವಿನ ಹಾಳೆಯಲ್ಲಿ ಐದು ಹಾಕಿದವರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ, ಸಂಕಟ ಗೊತ್ತು. ಹೆಚ್ಚು ಕೆಲಸ ಮಾಡಿದ್ದಕ್ಕಿಂತ, ಮಾಡಬೇಕಾದ ಹಾಗೆ ಮಾಡಲಾಗದೆ ಎದ್ದು ಬಂದದ್ದು ಜಾಸ್ತಿ ದಣಿಸುತ್ತದೆ. ಅದಕ್ಕೇ ಡ್ಯೂಟಿ ಮುಗಿದ ಮೇಲೆ ಕೂರಿಸಿ ಮನಸ್ಸು ಶಾಂತ ಮಾಡಿಕೊಳ್ಳಿ ಅಂದರೆ ನನಗೆ ಸಮಾಧಾನ ಆಗುವುದಿಲ್ಲ. ಆ ಸಂಕಟ ಸುಮ್ಮನಾಗಬಾರದು. ಅದು ರೋಗಿಯ ಪರವಾಗಿ ಮಾತಾಡುತ್ತಿದೆ.

ಕೈ ಹಿಡಿದ ನರ್ಸ್

ಜೊತೆಯವರ ನಂಟಿನ ಬಗ್ಗೆಯೂ ಎರಡು ಮಾತು. 1995ರಲ್ಲಿ ಕೆನ್ನೆತ್ ಶ್ವಾರ್ಟ್ಜ್ ಅನ್ನುವ ಬಾಸ್ಟನ್ನಿನ ವಕೀಲರು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಅದಕ್ಕೆ ಮುಂಚೆ ತಮ್ಮ ಕಾಯಿಲೆಯ ದಿನಗಳ ಬಗ್ಗೆ ಒಂದು ಲೇಖನ ಬರೆದಿದ್ದರು. ಆಪರೇಷನ್‌ಗೆ ಮುಂಚೆ ತಪಾಸಣೆಗೆ ಹೋದಾಗ ಅಲ್ಲಿನ ನರ್ಸ್ ಮೊದಲು ಚುಟುಕಾಗಿ, ಬಿರುಸಾಗಿ ಮಾತಾಡುತ್ತಿದ್ದರಂತೆ. ತನಗೆ ಬಹುಶಃ ಮುಂದುವರಿದ ಶ್ವಾಸಕೋಶದ ಕ್ಯಾನ್ಸರ್ ಇದೆ ಅಂತ ಈಗಷ್ಟೇ ಗೊತ್ತಾಯಿತು ಅಂತ ಇವರು ಹೇಳಿದಾಗ ಆಕೆ ಮೆತ್ತಗಾದರು, ಕೈ ಹಿಡಿದು ಹೇಗಿದ್ದೀರಿ ಅಂತ ಕೇಳಿದರು. ಇವರ ಎರಡು ವರ್ಷದ ಮಗ ಬೆನ್ ಬಗ್ಗೆ ಮಾತು ಬಂತು. ತಮ್ಮ ಅಕ್ಕನ ಅಥವಾ ಅಣ್ಣನ ಮಗನಿಗೂ ಅದೇ ಹೆಸರು ಅಂದರು. ಕಣ್ಣು ಒರೆಸಿಕೊಂಡರು. ಆಪರೇಷನ್ ದಿನ ಬಂದು ಕೈ ಹಿಡಿದು, ಒಳ್ಳೆಯದಾಗಲಿ ಅಂದರು. ಶ್ವಾರ್ಟ್ಜ್ ಸಾಯುವ ಮುಂಚೆ ಒಂದು ಕೇಂದ್ರ ಶುರುಮಾಡಿಸಿದರು. ಆ ಕೇಂದ್ರದಿಂದ 1997ರಲ್ಲಿ ಒಂದು ಪದ್ಧತಿ ಬಂತು. ಡಾಕ್ಟರು, ನರ್ಸು, ಆಸ್ಪತ್ರೆಯ ಉಳಿದವರು ಒಂದು ಗಂಟೆ ಒಟ್ಟಿಗೆ ಕೂತು, ಒಂದು ಕೇಸ್ ತಮ್ಮ ಮನಸ್ಸಿಗೆ ಏನು ಮಾಡಿತು ಅಂತ ಮಾತಾಡುತ್ತಾರೆ. ಚಿಕಿತ್ಸೆ ಸರಿಯಾಯಿತಾ ತಪ್ಪಾಯಿತಾ ಅನ್ನುವ ವಿಚಾರಣೆ ಅಲ್ಲಿ ಇಲ್ಲ.

ನನಗೆ ಆ ನರ್ಸ್ ಬಗ್ಗೆ ಯೋಚನೆ ಬರುತ್ತದೆ. ಆಕೆ ಮೊದಲು ಬಿರುಸಾಗಿದ್ದದ್ದು ಯಾಕೆ? ಸಾಲಾಗಿ ರೋಗಿಗಳು ಬರುವ ಜಾಗ ಅದು. ಪ್ರತಿಯೊಬ್ಬರಿಗೂ ಹೃದಯ ತೆರೆದರೆ ಸಂಜೆಗೆ ಏನೂ ಉಳಿಯಲ್ಲ ಅಂತ ಆಕೆಯ ಮೈಗೆ ಗೊತ್ತಿದ್ದಿರಬೇಕು. ಆದರೂ ತೆರೆದರು. ಆಕೆಗೆ ಆವತ್ತು ಸಂಜೆ ಇದನ್ನು ಹೇಳಿಕೊಳ್ಳಲು ಯಾರಾದರೂ ಇದ್ದರಾ? ರೋಗಿಯ ಕತೆ ನಮಗೆ ಸಿಕ್ಕಿದೆ, ನರ್ಸ್‌ನ ಕತೆ ಸಿಕ್ಕಿಲ್ಲ. ನಮ್ಮಲ್ಲಿ ಬಹುಪಾಲು ಕತೆಗಳು ಹಾಗೇ ಬಟ್ಟೆ ಬದಲಿಸುವ ಕೋಣೆಯಲ್ಲಿ, ಲಾಕರಿನ ಮುಂದೆ, ಎರಡು ಮಾತಿನಲ್ಲಿ ಮುಗಿದುಹೋಗುತ್ತವೆ. ಆ ಎರಡು ಮಾತೇ ಎಷ್ಟೋ ಜನರನ್ನು ಈ ಕೆಲಸದಲ್ಲಿ ಉಳಿಸಿದೆ. ಅದಕ್ಕೆ ಒಂದು ಜಾಗ, ಒಂದು ಹೊತ್ತು ಸಿಕ್ಕರೆ ಇನ್ನೆಷ್ಟು ಜನ ಉಳಿಯಬಹುದು!

ನಮ್ಮ ವಾರ್ಡಿನಲ್ಲಿ ಈಗ ಒಂದು ಸಣ್ಣ ಏರ್ಪಾಡು ಮಾಡಿಕೊಂಡಿದ್ದೇವೆ. ಯಾರಾದರೂ ತೀರಿಕೊಂಡರೆ ಇಬ್ಬರು ನರ್ಸುಗಳು ಆ ಬೆಡ್ಡಿನ ಹತ್ತಿರ ಇರಬೇಕು, ಅವರ ಉಳಿದ ರೋಗಿಗಳನ್ನು ಇನ್ನೊಬ್ಬರು ನೋಡಿಕೊಳ್ಳಬೇಕು. ಅಡ್ಮಿಷನ್‌ನಿಂದ ಬರುವ ಫೋನ್ ಇನ್‌ಚಾರ್ಜ್ ತೆಗೆದುಕೊಳ್ಳಬೇಕು, ಆ ಇಬ್ಬರನ್ನು ಕರೆಯಬಾರದು. ಹ್ಯಾಂಡೋವರ್‌ನಲ್ಲಿ ರೋಗಿಯ ಹೆಸರು ಮೊದಲು, ಬೆಡ್ ನಂಬರ್ ಆಮೇಲೆ. ಹಗಲು ಇದು ಹೆಚ್ಚುಕಮ್ಮಿ ನಡೆಯುತ್ತದೆ. ರಾತ್ರಿ ಕಷ್ಟ. ಮೊನ್ನೆ ಒಬ್ಬ ವಿದ್ಯಾರ್ಥಿನಿ ಕೇಳಿದಳು, "ನೈಟ್‌ನಲ್ಲಿ ಇರೋದೇ ಇಬ್ಬರು ಅಲ್ವಾ ಮೇಡಂ, ಆಗ ಉಳಿದ ರೋಗಿಗಳನ್ನ ಯಾರು ನೋಡ್ತಾರೆ?" ಅವಳು ಕೇಳಿದ್ದು ಸರಿಯಾಗಿದೆ. ರಾತ್ರಿ ಪಾಳಿಗೆ ಯಾವ ವಾರ್ಡಿಗೂ ಸೇರದೆ, ಬೇಕಾದ ಕಡೆ ಬರುವ ಒಬ್ಬ ನರ್ಸ್ ಬೇಕು ಅಂತ ಬರೆದುಕೊಟ್ಟಿದ್ದೇವೆ. ಇನ್ನೂ ಉತ್ತರ ಬಂದಿಲ್ಲ. ಮುಂದಿನ ಮೀಟಿಂಗಿನಲ್ಲಿ ಅವಳ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಇಡುತ್ತೇನೆ.